ಸೀಸದ ನೀರಿಗೆ ಶೇಕಡಾ 65ರ ರಿಯಾಯಿತಿ

ಮನೆಗೆ ಬಂದ ನೀರಿನಲ್ಲಿ ಎಷ್ಟು ಪಾಲು ಹೊಟ್ಟೆಗೆ, ಒಲೆಗೆ, ಮೈಗೆ ಹೋಗುತ್ತದೆ, ಎಷ್ಟು ಪಾಲು ಕಕ್ಕಸಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಮನುಕುಲ ಅಷ್ಟಾಗಿ ತಲೆ ಕೆಡಿಸಿಕೊಂಡಿರಲಿಲ್ಲ. 2016ರ ಫೆಬ್ರುವರಿಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯ ಸರ್ಕಾರ ಅದನ್ನು ಇತ್ಯರ್ಥ ಮಾಡಿತು. ಅಲ್ಲಿನ ಫ್ಲಿಂಟ್ ಎಂಬ ಊರಿನ ನಲ್ಲಿಗಳಲ್ಲಿ ಸೀಸ ಬೆರೆತ ನೀರು ಬಂದಿತ್ತು. ಅದರ ಹಿಂದೆಯೇ ಬಿಲ್ಲೂ ಬಂದಿತ್ತು. ವಿಷಕ್ಕೆ ದುಡ್ಡು ಕೇಳುವುದು ಮುಜುಗರದ ಸಂಗತಿ ಎಂದು ಸರ್ಕಾರಕ್ಕೂ ಅನ್ನಿಸಿರಬೇಕು, ಜನರ ನೀರಿನ ಬಿಲ್ಲಿನ ಪರಿಹಾರಕ್ಕೆಂದು 3 ಕೋಟಿ ಡಾಲರ್ ತೆಗೆದಿರಿಸಿತು. ಪೂರ್ತಿ ಮನ್ನಾ ಎಂದುಕೊಂಡಿರಾ? ಸರ್ಕಾರದ ಲೆಕ್ಕಿಗರು ಅಷ್ಟು ದಡ್ಡರಲ್ಲ. ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಬಳಸುವ ಪಾಲಿಗೆ ಮಾತ್ರ ಪರಿಹಾರ, ಅಂದರೆ ನೀರಿನ ಬಿಲ್ಲಿನ ಶೇಕಡಾ 65. ಉಳಿದ ಶೇಕಡಾ 35 ನೀವೇ ಕಟ್ಟಿ. ಸೀಸವಿದ್ದರೇನಂತೆ, ಕಕ್ಕಸಿಗೆ ಸುರಿದಾಗ ಆ ನೀರು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿತಲ್ಲ!

ಅಂಗಡಿ, ಹೋಟೆಲಿನವರಿಗೆ ಶೇಕಡಾ 20 ಮಾತ್ರ. ವ್ಯಾಪಾರಸ್ಥರಿಗೆ ಬಾಯಾರಿಕೆ ಕಡಿಮೆ ಎಂಬುದು ಅಲ್ಲಿಯ ಅಂದಾಜು ಇರಬಹುದು.

ಇನ್ನು ಒಳಚರಂಡಿ ಶುಲ್ಕ. ಬಿಲ್ಲಿನ ಆ ಭಾಗಕ್ಕೆ ಚಿಕ್ಕಾಸೂ ಇಲ್ಲ. ತರ್ಕ ನೋಡಿ, ಎಷ್ಟು ಗಟ್ಟಿ: ಬರುವ ನೀರು ಕೆಟ್ಟಿದ್ದರೆ ಅದು ಚರ್ಚೆಯ ವಿಷಯ, ಆದರೆ ಹೋಗುವ ನೀರು ಕೆಟ್ಟದ್ದೇ ಆಗಿರಬೇಕಲ್ಲವೇ? ಅದು ಕೆಟ್ಟದ್ದಾಗಿಯೇ ಹೋಯಿತು. ನಲ್ಲಿಯಿಂದ ಕೊಳೆಯಾಗಿ ಬಂದ ನೀರನ್ನು ನೋಡಿ ಗೃಹಿಣಿ ಹಾಗೆಯೇ ಬಚ್ಚಲಿಗೆ ಸುರಿದಳೆಂದರೆ ಇಲಾಖೆ ಅವಳಿಗೆ ಎರಡು ಸೇವೆಗಳನ್ನು ಸಲ್ಲಿಸಿತು: ತಂದದ್ದು ಒಂದು, ಹೊತ್ತೊಯ್ದದ್ದು ಇನ್ನೊಂದು. ಮೊದಲನೆಯ ಸೇವೆಯಲ್ಲಿ ತುಸು ಲೋಪವಾಯಿತು, ಒಪ್ಪಿಕೊಳ್ಳೋಣ. ಎರಡನೆಯದರಲ್ಲಿ ಯಾರೂ ಬೆರಳು ತೋರಿಸುವಂತಿರಲಿಲ್ಲ.

ಇಷ್ಟಕ್ಕೆಲ್ಲ ಮೂಲ ಒಂದು ಉಳಿತಾಯ. ಫ್ಲಿಂಟ್ ನಗರದ ಖಜಾನೆ ಬರಿದಾಗಿತ್ತು. ಆರಿಸಿ ಬಂದವರ ಕೈಯಿಂದ ಅಧಿಕಾರ ಕಿತ್ತು ರಾಜ್ಯ ಸರ್ಕಾರ ಅಲ್ಲೊಬ್ಬ ತುರ್ತು ಆಡಳಿತಾಧಿಕಾರಿಯನ್ನು ಕೂರಿಸಿತ್ತು. (ಚುನಾವಣೆಯಿಲ್ಲದೆ ಆಡಳಿತಾಧಿಕಾರಿಯ ಕೈಕೆಳಗೆ ವರ್ಷಗಟ್ಟಲೆ ಬದುಕಿದ ಬೆಂಗಳೂರಿನವರಿಗೆ ಈ ಹುದ್ದೆಯ ಮಹಿಮೆಯನ್ನು ವಿವರಿಸಬೇಕಿಲ್ಲ.) ಡೆಟ್ರಾಯಿಟ್ ನಗರದಿಂದ ಕೊಳ್ಳುತ್ತಿದ್ದ ಹ್ಯೂರಾನ್ ಸರೋವರದ ನೀರನ್ನು ಬಿಟ್ಟು ಊರ ಪಕ್ಕದ ಫ್ಲಿಂಟ್ ನದಿಯ ನೀರನ್ನು ಹರಿಸಿದರೆ ಎರಡು ವರ್ಷದಲ್ಲಿ 50 ಲಕ್ಷ ಡಾಲರಿನಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿದರು. 2014ರ ಏಪ್ರಿಲ್ 25ರಂದು ಗುಂಡಿ ಒತ್ತಿದರು, ಲೋಟವೆತ್ತಿ ಶುಭ ಕೋರಿ ಅದೇ ನೀರನ್ನು ಕುಡಿದರು. ನದಿಯ ನೀರು ಹಳೆಯ ಸೀಸದ ಕೊಳವೆಗಳನ್ನು ಕೊರೆಯದಂತೆ ತಡೆಯುವ ರಾಸಾಯನಿಕವೊಂದನ್ನು ಬೆರೆಸಬೇಕಿತ್ತು. ಅದಕ್ಕೆ ದಿನಕ್ಕೆ ನೂರು ಡಾಲರಿನ ಆಸುಪಾಸು ತಗಲುತ್ತಿತ್ತು ಎಂದು ಆಮೇಲೆ ಪತ್ರಿಕೆಗಳು ಬರೆದವು. ಅದನ್ನೂ ಉಳಿಸಿದರು. ಉಳಿತಾಯ ಎಂದ ಮೇಲೆ ಅರೆಬರೆ ಇರಬಾರದು.

ಆ ಊರಿನಲ್ಲಿ ನೀರಿನ ರುಚಿಯನ್ನು ಮೊದಲು ಗುರುತಿಸಿದ್ದು ಯಾರು ಎಂಬುದು ಯಾರ ಮಾತಿಗೆ ಬೆಲೆ ಬಂತು ಎಂಬುದರ ಮೇಲೆ ನಿಂತಿದೆ. ಬಣ್ಣ ಕೆಟ್ಟಿದೆ, ನಾತ ಹೊಡೆಯುತ್ತಿದೆ, ಮಕ್ಕಳ ಮೈಮೇಲೆ ಗಂಧೆ ಏಳುತ್ತಿದೆ ಎಂದು ತಾಯಂದಿರು ಬಾಟಲಿಗಳಲ್ಲಿ ಕಂದು ನೀರನ್ನು ತುಂಬಿಕೊಂಡು ಸಭೆಗಳಿಗೆ ಬಂದರು. ನೀರು ಸುರಕ್ಷಿತ ಎಂದು ಅಧಿಕಾರಿಗಳು ಸಮಾಧಾನ ಹೇಳಿ ಕಳುಹಿಸಿದರು. 2014ರ ಅಕ್ಟೋಬರಿನಲ್ಲಿ ಜನರಲ್ ಮೋಟಾರ್ಸ್ ಕಂಪನಿಯೂ ಬಂದಿತು: ಈ ನೀರಿನಿಂದ ನಮ್ಮ ಕಾರ್ಖಾನೆಯಲ್ಲಿ ಇಂಜಿನ್ನಿನ ಭಾಗಗಳು ತುಕ್ಕು ಹಿಡಿಯುತ್ತಿವೆ. ಹೌದೇ? ಅಯ್ಯೋ ಪಾಪ. ಕಾರ್ಖಾನೆಗೆ ಹ್ಯೂರಾನ್ ಸರೋವರದ ನೀರು ಪಡೆಯಲು ಕೂಡಲೇ ಒಪ್ಪಿಗೆ ಸಿಕ್ಕಿತು. ಊರಿನ ಜನರಿಗೆ ಅದೇ ನೀರು ಮರಳಿ ಸಿಕ್ಕಿದ್ದು 2015ರ ಅಕ್ಟೋಬರಿನಲ್ಲಿ. ಡೆಟ್ರಾಯಿಟ್ ಸುತ್ತಮುತ್ತ ಕಾರು ಕಂಪನಿಗಳಲ್ಲಿ ದುಡಿಯುವ ನಮ್ಮ ಕನ್ನಡದ ಇಂಜಿನಿಯರುಗಳು ಬೇಸರಪಟ್ಟುಕೊಳ್ಳಬಾರದು, ಆದರೆ ಇಂಜಿನ್ನಿಗೂ ಮಗುವಿಗೂ ನಡುವೆ ಸರಿಯಾಗಿ ಒಂದು ವರ್ಷದ ಅಂತರವಿದೆ ಎಂದು ಅಲ್ಲಿಯ ಆಡಳಿತವೇ ಅಳೆದು ತೋರಿಸಿದೆ.

ಸರ್ಕಾರಿ ನೌಕರರ ನಾಲಗೆ ಇಂಜಿನ್ನಿನಷ್ಟು ಸೂಕ್ಷ್ಮವಲ್ಲದಿದ್ದರೂ ಜನರಿಗಿಂತ ಚುರುಕು. 2015ರ ಜನವರಿಯಲ್ಲೇ ಫ್ಲಿಂಟಿನ ರಾಜ್ಯ ಸರ್ಕಾರಿ ಕಚೇರಿಯ ಕಟ್ಟಡಕ್ಕೆ ಶುದ್ಧ ನೀರಿನ ಕ್ಯಾನುಗಳು ಬಂದವು. ಆ ಕಟ್ಟಡದ ಹೊರಗೆ ನೀರು ಸುರಕ್ಷಿತವಾಗಿಯೇ ಮುಂದುವರಿಯಿತು.

ಈ ನೀರಿನ ಬೆಲೆ ಕೇಳಿ. ದೇಶದ ಅತಿ ದೊಡ್ಡ 500 ನೀರು ಸರಬರಾಜು ವ್ಯವಸ್ಥೆಗಳ 2015ರ ದರಗಳನ್ನು ಹೋಲಿಸಿದ ಸಮೀಕ್ಷೆಯೊಂದರಲ್ಲಿ ಫ್ಲಿಂಟಿಗೆ ಮೊದಲ ಸ್ಥಾನ: ಒಂದು ಮನೆಗೆ ವರ್ಷಕ್ಕೆ 864 ಡಾಲರ್. ಆ ಐನೂರರಲ್ಲಿ ಅತಿ ದುಬಾರಿ ನೀರು, ಅದೂ ಹತ್ತರಲ್ಲಿ ನಾಲ್ವರು ಬಡತನದಲ್ಲಿದ್ದ ಊರಿನಲ್ಲಿ! ಸೀಸಕ್ಕೆ ಬೇರೆ ಶುಲ್ಕ ಹಾಕಲಿಲ್ಲ ಎಂಬುದನ್ನು ಮಾತ್ರ ಸರ್ಕಾರದ ಪರವಾಗಿ ಹೇಳಲೇಬೇಕು. 2011ರಲ್ಲಿ ಏರಿಸಿದ ಶೇಕಡಾ 35 ದರ ಕಾನೂನಿಗೆ ವಿರುದ್ಧ, ಅದನ್ನು ಇಳಿಸಿ, ನಲ್ಲಿ ಕಡಿಯುವುದನ್ನು ನಿಲ್ಲಿಸಿ ಎಂದು 2015ರ ಆಗಸ್ಟಿನಲ್ಲಿ ಅಲ್ಲಿನ ನ್ಯಾಯಾಧೀಶರೊಬ್ಬರು ಹೇಳಬೇಕಾಗಿ ಬಂತು.

ಇಂಥ ಊರಿಗೆ ಬಂದ ಪರಿಹಾರ ಅದು. ಮೂರು ಕೋಟಿ ಡಾಲರ್ ಎಂದೊಡನೆ ಫ್ಲಿಂಟಿನ ಜನ ಜೇಬು ತಡವಿಕೊಂಡಿದ್ದರೆ ಅದು ಅವರ ಅಜ್ಞಾನ. ಹಣ ಯಾರ ಕೈಗೂ ಬರಲಿಲ್ಲ. ಬಿಲ್ಲಿನ ಮೇಲೆ ಜಮೆ ಎಂದು ಒಂದು ಸಾಲು ಬಂತು. ರಾಜ್ಯದ ಖಜಾನೆಯಿಂದ ಹೊರಟ ಹಣ ನಗರದ ನೀರಿನ ಖಾತೆಗೆ ಸೇರಿತು. ಖಜಾನೆಗೆ ಅದು ಎಲ್ಲಿಂದ ಬಂದಿತ್ತು? ಫ್ಲಿಂಟಿನವರೂ ಸೇರಿದಂತೆ ಜನ ಕಟ್ಟಿದ ತೆರಿಗೆಯಿಂದ. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಎಂಬ ಗಾದೆಯಲ್ಲಿ ಅತ್ತೆಗೆ ಕನಿಷ್ಠ ನಷ್ಟದ ಅರಿವಾದರೂ ಇರುತ್ತದೆ. ಇಲ್ಲಿ ಅತ್ತೆ ಅಳಿಯನಿಗೆ ವಂದನೆಯನ್ನೂ ಹೇಳಬೇಕಿತ್ತು.

ಕುಡಿಯಲಾಗದ್ದನ್ನು ಮಾರಿದ್ದೇವೆ, ಆದ್ದರಿಂದ ಯಾರೂ ನಮಗೆ ಬಾಕಿದಾರರಲ್ಲ ಎಂದು ಒಂದೇ ಸಾಲಿನ ಆದೇಶ ಹೊರಡಿಸಲು ಬಿಡಿಗಾಸೂ ಬೇಕಿರಲಿಲ್ಲ. ಆದರೆ ಬಿಲ್ಲನ್ನು ರದ್ದು ಮಾಡುವುದೆಂದರೆ ತಪ್ಪನ್ನು ಒಪ್ಪಿದಂತೆ. ಬಿಲ್ಲಿಗೆ ಪರಿಹಾರ ಕೊಡುವುದೆಂದರೆ ಔದಾರ್ಯ ತೋರಿದಂತೆ. ನೀರು ಕೆಡಬಹುದು, ಕೊಳವೆ ಕೊರೆಯಬಹುದು, ಬಿಲ್ಲಿಗೆ ಮಾತ್ರ ಕಳಂಕ ತಟ್ಟಬಾರದು.

ಔದಾರ್ಯಕ್ಕೂ ಕೊನೆ ದಿನಾಂಕ ಇರುತ್ತದೆ. ನೀರಿನಲ್ಲಿ ಸೀಸದ ಅಂಶ ಶತಕೋಟಿಗೆ 12 ಭಾಗಕ್ಕೆ ಇಳಿದಿದೆ, ಕೇಂದ್ರ ಸರ್ಕಾರದ ಮಿತಿ 15, ಆದ್ದರಿಂದ ಇನ್ನು ರಿಯಾಯಿತಿ ಇಲ್ಲ ಎಂದು 2017ರ ಫೆಬ್ರುವರಿ ಕೊನೆಗೆ ಪರಿಹಾರವನ್ನು ನಿಲ್ಲಿಸಿದರು. ಹಾಗಾದರೆ ನೇರ ನಲ್ಲಿಗೆ ಬಾಯಿ ಹಚ್ಚಬಹುದೇ? ಛೇ, ಉಂಟೇ! ಫಿಲ್ಟರ್ ಹಾಕಿಕೊಂಡೇ ಕುಡಿಯಿರಿ ಎಂಬ ಸೂಚನೆ ಹಾಗೆಯೇ ಇತ್ತು. ಕುಡಿಯಲು ಇನ್ನೂ ಯೋಗ್ಯವಲ್ಲ, ಬಿಲ್ಲು ಕಟ್ಟಲು ಪೂರ್ತಿ ಯೋಗ್ಯ ಎಂಬ ಹೊಸ ದರ್ಜೆಯ ನೀರು ಹೀಗೆ ಹುಟ್ಟಿತು.

ಹಿಂದೆಯೇ ಬಂದವು ನೋಟಿಸುಗಳು. ನೀರು ಮತ್ತು ಒಳಚರಂಡಿ ಬಾಕಿ ಉಳಿಸಿಕೊಂಡ ಎಂಟು ಸಾವಿರಕ್ಕೂ ಹೆಚ್ಚು ಮನೆಗಳಿಗೆ. ಮೇ ತಿಂಗಳೊಳಗೆ ಕಟ್ಟದಿದ್ದರೆ ಬಾಕಿಯನ್ನು ಮನೆಯ ತೆರಿಗೆಗೆ ಸೇರಿಸಲಾಗುವುದು, ಅದೂ ತೀರದಿದ್ದರೆ ಕೊನೆಗೆ ಮನೆಯೇ ಹೋಗಬಹುದು ಎಂದು. ವಿಷದ ನೀರು ಕುಡಿದೂ ಬದುಕುಳಿದವರು ಬಿಲ್ಲಿನಿಂದ ತಪ್ಪಿಸಿಕೊಳ್ಳಬಾರದು ಎಂಬ ಕಾಳಜಿ ಇದ್ದಿರಬೇಕು. ಗದ್ದಲವೆದ್ದ ಮೇಲೆ ನಗರ ಪರಿಷತ್ತು ಒಂದು ವರ್ಷದ ತಡೆ ಎಂದು ಮತ ಹಾಕಿತು.

ಫ್ಲಿಂಟಿನದು ಒಂದು ಊರಿನ ಎಡವಟ್ಟು ಎನ್ನುವವರು ಕೋವಿಡ್ ಕಾಲದ ಕ್ಯಾಲಿಫೋರ್ನಿಯಾವನ್ನು ನೋಡಬೇಕು. 2021ರ ಜನವರಿಯಲ್ಲಿ ಅಲ್ಲಿಯ ರಾಜ್ಯ ಜಲಮಂಡಳಿ ಎಣಿಸಿದಾಗ ಸುಮಾರು 16 ಲಕ್ಷ ಮನೆಗಳು ನೀರಿನ ಬಿಲ್ಲು ಬಾಕಿ ಇರಿಸಿಕೊಂಡಿದ್ದವು. ಒಟ್ಟು ಸಾಲ 100 ಕೋಟಿ ಡಾಲರಿನ ಹತ್ತಿರ. ಸರ್ಕಾರ 98.5 ಕೋಟಿ ಡಾಲರ್ ಕೊಟ್ಟಿತು. ಚೆನ್ನಾಗಿಯೇ ಕೊಟ್ಟಿತು, ಅಲ್ಲಗಳೆಯುವುದಿಲ್ಲ. ಬಡವ ಅರ್ಜಿ ಹಾಕುವಂತಿಲ್ಲ; ನೀರಿನ ಸಂಸ್ಥೆಯೇ ಅರ್ಜಿ ಹಾಕಬೇಕು, ಹಣ ನೇರ ಅದಕ್ಕೇ. ಬಡವನದು ಹೆಸರು ಮಾತ್ರ. ಇಲ್ಲಿನ ವಿಶೇಷ ದಿನಾಂಕದಲ್ಲಿದೆ: 2020ರ ಮಾರ್ಚ್ 4ರಿಂದ 2021ರ ಜೂನ್ 15ರವರೆಗಿನ ಬಾಕಿಗೆ ಮಾತ್ರ ಪರಿಹಾರ. ಜೂನ್ 15 ಏಕೆ? ರಾಜ್ಯ ಅಧಿಕೃತವಾಗಿ ಮತ್ತೆ ತೆರೆದುಕೊಂಡ ದಿನ ಅದು. ಅಂಗಡಿಗಳ ಬಾಗಿಲು ತೆರೆದೊಡನೆ ಜನರ ಕಷ್ಟ ಅಧಿಕೃತವಾಗಿ ಮುಚ್ಚಿತು. ಜೂನ್ 14ರ ರಾತ್ರಿ ಪಾತ್ರೆ ತೊಳೆದವಳು ಸಂತ್ರಸ್ತೆ, 16ರ ಬೆಳಿಗ್ಗೆ ಅದೇ ಪಾತ್ರೆಯನ್ನು ತೊಳೆದವಳು ಸುಸ್ತಿದಾರಳು. ಬಡತನಕ್ಕೆ ಸರ್ಕಾರಿ ಆದೇಶ ತಲುಪಿರಲಿಲ್ಲ ಎಂದು ಆಮೇಲೆ ಗೊತ್ತಾಗಿ ಗಡುವನ್ನು 2022ರ ಡಿಸೆಂಬರಿನವರೆಗೆ ಎಳೆದರು.

ದೇಶದ ಮಟ್ಟದಲ್ಲೂ ಒಂದು ಅದ್ಭುತ ನಡೆಯಿತು. ಬಡವರ ಮನೆ ಬೆಚ್ಚಗಿಡುವ ಬಿಲ್ಲಿಗೆ ಅಮೆರಿಕದ ಕೇಂದ್ರ ಸರ್ಕಾರ 1981ರಿಂದಲೂ ನೆರವು ನೀಡುತ್ತಿದೆ. ಅವರು ನೀರನ್ನೂ ಕುಡಿಯುತ್ತಾರೆ ಎಂಬುದು ಸಂಸತ್ತಿನ ಗಮನಕ್ಕೆ ಬರಲು ಒಂದು ಸಾಂಕ್ರಾಮಿಕ ರೋಗವೇ ಬರಬೇಕಾಯಿತು. ನೀರು ಮತ್ತು ಒಳಚರಂಡಿ ಬಿಲ್ಲಿಗೆಂದೇ ಮೊದಲ ಬಾರಿಗೆ 113.8 ಕೋಟಿ ಡಾಲರ್ ಕೊಟ್ಟರು. ತಾತ್ಕಾಲಿಕ ಎಂದು ಮೊದಲೇ ಬರೆದಿದ್ದರು, ಕೊಟ್ಟ ಮಾತಿಗೆ ತಪ್ಪಲಿಲ್ಲ. ಹಣ ಮುಗಿದೊಡನೆ ಯೋಜನೆಯನ್ನೂ ಮುಗಿಸಿದರು. ಬಾಯಾರಿಕೆಗೆ ಇಂಥ ಶಿಸ್ತು ಕಲಿಸುವುದು ಇನ್ನೂ ಬಾಕಿಯಿದೆ.

ಹೀಗೆ ನಿಧಿಗಾಗಿ ಕಾಯುವವರಿಗೆ ಮಿಷಿಗನ್ನಿನ ಕಾಯಿದೆಯಲ್ಲಿಯೇ ಒಂದು ಒಳದಾರಿ ಇತ್ತು, ಯಾರೂ ಅದನ್ನು ಫ್ಲಿಂಟಿನವರಿಗೆ ಹೇಳಲಿಲ್ಲ. 2018ರ ಏಪ್ರಿಲ್ 2ರಂದು, ಫ್ಲಿಂಟಿನಿಂದ ಸುಮಾರು ಇನ್ನೂರು ಕಿಲೋಮೀಟರ್ ದೂರದಲ್ಲಿ, ನಿಮಿಷಕ್ಕೆ 400 ಗ್ಯಾಲನ್, ಅಂದರೆ 1,500 ಲೀಟರಿನಷ್ಟು ಅಂತರ್ಜಲವನ್ನು ಎತ್ತಿ ಬಾಟಲಿಗೆ ತುಂಬಿ ಮಾರಲು ನೆಸ್ಲೆ ಕಂಪನಿಗೆ ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದೇ ವಾರ, ಏಪ್ರಿಲ್ 6ರಂದು, ಫ್ಲಿಂಟಿನ ಜನರಿಗೆ ಹಂಚುತ್ತಿದ್ದ ಉಚಿತ ಬಾಟಲಿ ನೀರನ್ನು ನಿಲ್ಲಿಸುವುದಾಗಿ ಘೋಷಿಸಿತು. ಎತ್ತಿದ ನೀರಿಗೆ ಕಂಪನಿ ಬೆಲೆ ಕೊಡಬೇಕಿರಲಿಲ್ಲ. ಕಡತದ ಖರ್ಚಿಗೆಂದು ವರ್ಷಕ್ಕೆ 200 ಡಾಲರ್ ಕಟ್ಟಿದರೆ ಸಾಕಿತ್ತು. ಫ್ಲಿಂಟಿನ ಒಂದು ಸಂಸಾರದ ಬಿಲ್ಲಿನ ಕಾಲುಭಾಗವೂ ಅಲ್ಲ.

ಆದ್ದರಿಂದ ಮುಂದಿನ ಸಲ ಬಿಲ್ಲು ಕಟ್ಟಲಾಗದ ಕುಟುಂಬ ನೆರವಿಗೆ ಅರ್ಜಿ ಬರೆಯುವ ಬದಲು ಹಿತ್ತಿಲಿನಲ್ಲೊಂದು ಕೊಳವೆಬಾವಿ ತೋಡಿಸಿ, ಗೇಟಿಗೆ ಬಾಟಲಿ ಕಂಪನಿಯ ಬೋರ್ಡು ತಗುಲಿಸುವುದು ಜಾಣತನ. ಆದಾಯ ಪ್ರಮಾಣಪತ್ರ ಬೇಡ, ಸರದಿ ಬೇಡ, ಕಕ್ಕಸಿನ ಪಾಲು ಎಷ್ಟೆಂದು ಯಾರೂ ಕೇಳುವುದಿಲ್ಲ. ಅಜ್ಜಿಯನ್ನು ಅಧ್ಯಕ್ಷೆಯನ್ನಾಗಿ ಮಾಡಿ. ಅರ್ಜಿಯಲ್ಲಿ ಮನೆ ಮಂದಿಯ ಹೆಸರುಗಳನ್ನು ನಿರ್ದೇಶಕ ಮಂಡಳಿ ಎಂಬ ಶೀರ್ಷಿಕೆಯ ಕೆಳಗೆ ಬರೆಯಿರಿ, ಮತ್ತು ಯಾವ ಕಾರಣಕ್ಕೂ ಬಾಯಾರಿಕೆ ಎಂಬ ಪದವನ್ನು ಬಳಸಬೇಡಿ.