ಸತ್ಯಾಂಶ: ರಾಜ್ಯಪಾಲರ ರಕ್ಷಣೆ ಜೀವಮಾನದ್ದಲ್ಲ

‘ರಾಷ್ಟ್ರಪತಿ, ರಾಜ್ಯಪಾಲ, ಪ್ರಧಾನಿ ಮೇಲೆ ಯಾವತ್ತೂ ಕ್ರಿಮಿನಲ್ ಕೇಸು ಹಾಕುವಂತಿಲ್ಲ, ಅಧಿಕಾರಾವಧಿ ಮುಗಿದರೆ ಹಳೇ ಕೇಸೂ ರದ್ದು’ ಎಂಬ ಸಂದೇಶ ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಸಂವಿಧಾನದ 361ನೇ ವಿಧಿಯ ರಕ್ಷಣೆ ರಾಷ್ಟ್ರಪತಿ, ರಾಜ್ಯಪಾಲರಿಗೆ ಮಾತ್ರ. ಅದೂ ಹುದ್ದೆಯಲ್ಲಿ ಇರುವ ತನಕ. ಪ್ರಧಾನಿ, ಮುಖ್ಯಮಂತ್ರಿಗೆ ಅದು ಇಲ್ಲವೇ ಇಲ್ಲ. ಬಾಬರಿ ಮಸೀದಿ ಪ್ರಕರಣವನ್ನೇ ನೋಡಿ: ಮಸೀದಿ ಕೆಡವಿದಾಗ ಉತ್ತರ ಪ್ರದೇಶದ ಮುಖ್ಯಮಂತ್ರಿಯಾಗಿದ್ದ ಕಲ್ಯಾಣ್ ಸಿಂಗ್, ಮುಂದೆ ರಾಜಸ್ಥಾನದ ರಾಜ್ಯಪಾಲರಾಗಿದ್ದಷ್ಟು ದಿನ ವಿಚಾರಣೆಯಿಂದ ಹೊರಗಿದ್ದರು. 2019ರ ಸೆಪ್ಟೆಂಬರ್‌ನಲ್ಲಿ ಹುದ್ದೆ ಬಿಟ್ಟರು, ಅದೇ ತಿಂಗಳು ಕೋರ್ಟು ದೋಷಾರೋಪ ಹೊರಿಸಿತು. 2020ರಲ್ಲಿ ಖುಲಾಸೆಯಾದರು, ಆದರೆ ವಿಚಾರಣೆ ಎದುರಿಸಿದ ಮೇಲೆ.

ಇನ್ನು ಹಳೇ ಕೇಸಿನ ಮಾತು. ಅಪರಾಧ ನಡೆದ ಮೇಲೆ ಕೋರ್ಟು ಕೇಸು ಕೈಗೆತ್ತಿಕೊಳ್ಳಲು ಕಾಲಮಿತಿ ಇದೆ, ಆದರೆ ಅದು ನಿಂತಿರುವುದು ಅಪರಾಧಕ್ಕಿರುವ ಶಿಕ್ಷೆಯ ಮೇಲೆ, ಅಧಿಕಾರಾವಧಿಯ ಮೇಲಲ್ಲ. ದಂಡ ಮಾತ್ರ ಇರುವ ಅಪರಾಧಕ್ಕೆ 6 ತಿಂಗಳು, 1 ವರ್ಷದವರೆಗಿನ ಜೈಲಿಗೆ 1 ವರ್ಷ, 3 ವರ್ಷದವರೆಗಿನದಕ್ಕೆ 3 ವರ್ಷ. ಕೊಲೆಯಂಥ ದೊಡ್ಡ ಅಪರಾಧಕ್ಕೆ ಈ ಗಡುವೇ ಅನ್ವಯಿಸದು.