ದೊಡ್ಡ ಟಿವಿ, ಮಸುಕು ಮುಖ

ನಿನ್ನೆ ಮ್ಯಾಚ್‌ನಲ್ಲಿ ಚೆಂಡೇ ಕಾಣಲಿಲ್ಲ. 55 ಇಂಚಿನ ಹೊಸ 4ಕೆ ಟಿವಿ, ಇನ್ನೂ ಹತ್ತು ಕಂತು ಬಾಕಿ ಇದೆ. ಅಮ್ಮ ಕೇಳಿದರು, "ಹಳೇ ಟಿವಿನೇ ಚೆನ್ನಾಗಿತ್ತು ಅಲ್ವಾ?" ಏನು ಹೇಳಲಿ? ಪರದೆಯಲ್ಲಿ 83 ಲಕ್ಷ ಚುಕ್ಕಿಗಳಿವೆ, ಎಸ್‌ಡಿ, ಅಂದರೆ ಎಚ್‌ಡಿ ಅಲ್ಲದ ಮಾಮೂಲಿ ಚಾನೆಲ್‌ನಿಂದ ಬರುವುದು ಹೆಚ್ಚೆಂದರೆ 720 × 576, ಅಂದರೆ ನಾಲ್ಕು ಲಕ್ಷ ಚಿಲ್ಲರೆ, ಉಳಿದದ್ದನ್ನೆಲ್ಲ ಟಿವಿಯೇ ಊಹಿಸಿ ತುಂಬಬೇಕು, ಮುಖಗಳು ಮೇಣದ ಹಾಗೆ ಕಾಣದೆ ಇನ್ನೇನು? ಅಂಗಡಿಯಲ್ಲಿ ಇದನ್ನು ಯಾಕೆ ಹೇಳುವುದಿಲ್ಲ? ಅಲ್ಲಿ ಬರೀ ಗಿಳಿ, ಹೂವು, ಸಮುದ್ರದ ವಿಡಿಯೋ. ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ "ಆಫ್ ಮಾಡಿ ಆನ್ ಮಾಡಿ" ಅಂದರು. ಕೇಬಲ್ ಬದಲಿಸಿದೆ, ಶಾರ್ಪ್‌ನೆಸ್ ಇಳಿಸಿದೆ. ಮೋಷನ್ ಸ್ಮೂದಿಂಗ್ ಅಂತ ಬೇರೆ ಒಂದು ಸೆಟ್ಟಿಂಗ್ ಇದೆ, ಚಲನೆ ನಯವಾಗಿ ಕಾಣಲಿ ಅಂತ ಟಿವಿಯೇ ನಡುನಡುವೆ ಚಿತ್ರ ಸೇರಿಸುತ್ತದೆ, ಅದು ಆನ್ ಇದ್ದರೆ ಸಿನಿಮಾನೂ ಧಾರಾವಾಹಿ ಥರ ಕಾಣುತ್ತದೆ. ಅದನ್ನು ಅಷ್ಟು ಒಳಗಿನ ಮೆನುವಿನಲ್ಲಿ ಯಾಕೆ ಬಚ್ಚಿಡಬೇಕು? ದುಡ್ಡು ಕೊಟ್ಟವರು ರಾತ್ರಿಯೆಲ್ಲ ರಿಮೋಟ್ ಹಿಡಿದು ಕೂರಬೇಕಾ?