ತೆರೆದ ಕೂಡಲೇ ಚೆನ್ನಾಗಿ ಕಂಡಿತು ಅಂತ ಆರಿಸಬೇಡಿ

"ಲೈಟ್‌ರೂಮ್ ಒಳ್ಳೆಯದಾ, ಡಾರ್ಕ್‌ಟೇಬಲ್ ಒಳ್ಳೆಯದಾ?" ಎರಡೂ ಕಂಪ್ಯೂಟರಿನಲ್ಲಿ ಫೋಟೋ ತಿದ್ದುವ ಸಾಫ್ಟ್‌ವೇರುಗಳು. ರಾ ಫೋಟೋ, ಅಂದರೆ ಕ್ಯಾಮೆರಾ ಸೆರೆಹಿಡಿದ ಕಚ್ಚಾ ಫೈಲು, ತೆಗೆಯಲು ಶುರು ಮಾಡಿದವರೆಲ್ಲ ಕೇಳುವ ಪ್ರಶ್ನೆ ಇದು. ನಾನೂ ಕೇಳಿದ್ದೆ. ಆಮೇಲೆ ಒಂದೇ ಫೋಟೋವನ್ನು ನಾಲ್ಕು ಸಾಫ್ಟ್‌ವೇರುಗಳಲ್ಲಿ ತೆರೆದು, ಯಾವುದರಲ್ಲಿ ಥಟ್ಟನೆ ಚೆನ್ನಾಗಿ ಕಂಡಿತೋ ಅದನ್ನೇ ಇಟ್ಟುಕೊಂಡೆ. ಶುದ್ಧ ದಡ್ಡತನ.

ಕ್ಯಾಮೆರಾ ಪರದೆಯಲ್ಲಿ ಹೊಳೆಯುತ್ತಿದ್ದ ಫೋಟೋ ಕಂಪ್ಯೂಟರಿಗೆ ಬಂದಾಗ ಮಂಕು ಬಡಿದ ಹಾಗೆ ಕಾಣುತ್ತೆ ಅಲ್ವಾ? ಪರದೆಯಲ್ಲಿ ಕಂಡದ್ದು ಕ್ಯಾಮೆರಾ ತಾನೇ ಬಣ್ಣ ಹಚ್ಚಿ ಫೈಲಿನೊಳಗೆ ತುರುಕಿದ ಜೆಪೆಗ್. ರಾ ಫೈಲಿನಲ್ಲಿ ಪ್ರತಿ ಚುಕ್ಕೆಗೂ (ಪಿಕ್ಸೆಲ್) ಸಾಮಾನ್ಯವಾಗಿ ಗೊತ್ತಿರುವುದು ಕೆಂಪು, ಹಸಿರು, ನೀಲಿ ಮೂರರಲ್ಲಿ ಒಂದೇ. ಉಳಿದೆರಡನ್ನು ಅಕ್ಕಪಕ್ಕದ ಚುಕ್ಕೆಗಳನ್ನು ನೋಡಿ ಲೆಕ್ಕ ಹಾಕುವುದು ಸಾಫ್ಟ್‌ವೇರಿನ ಕೆಲಸ. ಮೊದಲು ಕಾಣುವ ಬಣ್ಣ ಆ ಸಾಫ್ಟ್‌ವೇರ್ ಮಾಡಿದವರ ರುಚಿ, ಅಷ್ಟೇ. ಎರಡು ಸ್ಲೈಡರ್ ಎಳೆದರೆ ಬದಲಾಗುತ್ತೆ. 14 ಬಿಟ್ ರಾದಲ್ಲಿ ಒಂದೊಂದು ಚುಕ್ಕೆಗೆ ಕಪ್ಪಿನಿಂದ ಬೆಳಕಿನವರೆಗೆ 16,384 ಮೆಟ್ಟಿಲುಗಳಿವೆ, ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಬರೀ 256. ಎಳೆದಾಡಲು ಜಾಗ ಬೇಕಾದಷ್ಟಿದೆ.

ನಿಜವಾಗಿ ಕೇಳಬೇಕಾದದ್ದು ಬೇರೆ. ನಾನು ಮಾಡಿದ ಎಡಿಟ್ ಎಲ್ಲಿ ಉಳಿಯುತ್ತೆ? ಇಂಥ ಯಾವ ಸಾಫ್ಟ್‌ವೇರೂ ರಾ ಫೈಲಿನ ಚಿತ್ರವನ್ನು ಮುಟ್ಟುವುದಿಲ್ಲ. ಏನೇನು ಮಾಡಬೇಕು ಅನ್ನುವ ಚೀಟಿಯನ್ನಷ್ಟೇ ಬರೆದಿಡುತ್ತೆ. ಲೈಟ್‌ರೂಮ್ ಕ್ಲಾಸಿಕ್ ಅದನ್ನು ಕ್ಯಾಟಲಾಗ್ ಅನ್ನುವ ತನ್ನ ಡೇಟಾಬೇಸ್‌ನಲ್ಲಿ ಇಡುತ್ತೆ. ಡಾರ್ಕ್‌ಟೇಬಲ್ ತನ್ನ ಡೇಟಾಬೇಸ್ ಜೊತೆಗೆ ಫೋಟೋದ ಪಕ್ಕದಲ್ಲೇ ಎಕ್ಸ್‌ಎಂಪಿ ಅನ್ನುವ ಒಂದು ಪುಟ್ಟ ಫೈಲೂ ಬರೆಯುತ್ತೆ. ರಾಥೆರಪಿ ಅನ್ನುವ ಇನ್ನೊಂದು ಸಾಫ್ಟ್‌ವೇರಿನದ್ದು ಪಿಪಿ3 ಫೈಲು. ಒಂದರ ಚೀಟಿ ಇನ್ನೊಂದಕ್ಕೆ ಸರಿಯಾಗಿ ಓದಲು ಬರುವುದಿಲ್ಲ. ಸ್ಟಾರ್, ಟ್ಯಾಗ್ ದಾಟಿ ಹೋಗಬಹುದು, ನೆರಳಿನ ಭಾಗ ಬೆಳಗಿಸಿದಂಥ ಎಡಿಟ್ ಹೋಗುವುದಿಲ್ಲ.

ಇದು ಗೊತ್ತಿಲ್ಲದೆ ಒಮ್ಮೆ ಜಾಗ ಉಳಿಸೋಣ ಅಂತ ಹೊಸ ಡಿಸ್ಕಿಗೆ ರಾ ಫೈಲುಗಳನ್ನಷ್ಟೇ ಸಾಗಿಸಿದೆ. ಪಕ್ಕದ ಪುಟಾಣಿ ಫೈಲುಗಳು ಕಸ ಅನ್ನಿಸಿ ಅಳಿಸಿಬಿಟ್ಟೆ. ಮತ್ತೆ ತೆರೆದರೆ ಅಷ್ಟೂ ಫೋಟೋ ಮೊದಲ ದಿನದ ಹಾಗೆ ಮಂಕು!

ಚಂದಾದ ಬಗ್ಗೆ ಒಂದು ಮಾತು. ಲೈಟ್‌ರೂಮ್ ಕ್ಲಾಸಿಕ್ ಚಂದಾ ನಿಂತರೆ ಫೋಟೋ ನೋಡಬಹುದು, ಎಕ್ಸ್‌ಪೋರ್ಟ್ ಮಾಡಬಹುದು. ಆದರೆ ಎಡಿಟ್ ಮಾಡುವ ಡೆವಲಪ್ ವಿಭಾಗ ಬಂದ್. ವೇಗ, ಸುಲಭದ ಬಳಕೆ ಬೇಕಾದವರಿಗೆ ಅದೇ ಸರಿ, ಜಗಳವಿಲ್ಲ. ಸ್ಟುಡಿಯೋದಲ್ಲಿ ಕ್ಯಾಮೆರಾವನ್ನು ಕಂಪ್ಯೂಟರಿಗೆ ಕೇಬಲ್‌ನಿಂದ ಜೋಡಿಸಿ ತೆಗೆಯುವ ಅನೇಕರು ಕ್ಯಾಪ್ಚರ್ ಒನ್ ಅನ್ನುವ ಸಾಫ್ಟ್‌ವೇರ್ ಬಿಟ್ಟು ಬರುವುದೇ ಇಲ್ಲ. ನಾನು ಡಾರ್ಕ್‌ಟೇಬಲ್‌ಗೆ ಬಂದೆ. ಮೊದಲ ತಿಂಗಳು ಆ ಮಾಡ್ಯೂಲ್‌ಗಳ, ಅಂದರೆ ಎಡಿಟ್ ಉಪಕರಣಗಳ, ಸಂತೆ ನೋಡಿ ತಲೆ ಕೆಟ್ಟಿತ್ತು ಅನ್ನುವುದು ಬೇರೆ ಮಾತು.

ಈಗ ಪರೀಕ್ಷೆ ಮಾಡುವುದಾದರೆ ನನ್ನ ಅತಿ ಕೆಟ್ಟ ಫೋಟೋ ತೆಗೆದುಕೊಳ್ಳುತ್ತೇನೆ: ಕತ್ತಲ ಕೋಣೆ, ಹಿಂದೆ ಬೆಳ್ಳಗೆ ಸುಟ್ಟ ಕಿಟಕಿ, ಕತ್ತಲಿಗೆಂದು ಏರಿಸಿದ ಐಎಸ್ಒ (ಬೆಳಕಿನ ಸಂವೇದನೆ) 6400. ಸಾಫ್ಟ್‌ವೇರಿನ ನಿಜವಾದ ಕೈಚಳಕ ಗೊತ್ತಾಗುವುದು ಅಂಥದ್ದರಲ್ಲೇ. ತುಂಬಾ ಇಷ್ಟವಾದವನ್ನು, ಎಡಿಟ್ ಸಮೇತ ಬೇರೆ ಸಾಫ್ಟ್‌ವೇರಿನಲ್ಲೂ ತೆರೆಯುವಂಥ 16 ಬಿಟ್ ಟಿಫ್ ಫೈಲು ಮಾಡಿಯೂ ಇಡುತ್ತೇನೆ. ಡಿಸ್ಕ್ ತುಂಬುತ್ತೆ, ತುಂಬಲಿ.